ಒಬ್ಬರೇ ಬಂದವರ ಬಂದರು

ಜೂನ್ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಬರ್ಕ್ಲಿಯ ಡೌನ್‌ಟೌನ್ ಬಾರ್ಟ್ ನಿಲ್ದಾಣಕ್ಕೆ ಇಳಿದರೆ ನಮ್ಮೂರ ತೇರಿನ ದಿನ ನೆನಪಾಗುತ್ತದೆ. ಎಲ್ಲೆಲ್ಲೂ ಏಳು ಬಣ್ಣದ ಬಾವುಟಗಳು, ಕೆನ್ನೆಗೆ ಬಣ್ಣ ಬಳಿದುಕೊಂಡ ಹುಡುಗ ಹುಡುಗಿಯರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ತಂದೆಯರು, ಕೈ ಕೈ ಹಿಡಿದು ನಿಂತ ವಯಸ್ಸಾದ ಹೆಂಗಸರು. ಎಲ್ಲರೂ ಕೊಲ್ಲಿಯ ಅಡಿಯ ಸುರಂಗ ದಾಟಿ ಸ್ಯಾನ್ ಫ್ರಾನ್ಸಿಸ್ಕೋದ ಮಾರ್ಕೆಟ್ ಸ್ಟ್ರೀಟಿಗೆ, ಪ್ರೈಡ್ ಮೆರವಣಿಗೆಗೆ ಹೊರಟವರು. ಬೇಸಿಗೆಗೆಂದು ಊರಿನಿಂದ ಬಂದ ಅಪ್ಪ ಅಮ್ಮಂದಿರು “ಏನಪ್ಪಾ ಇದು, ಯಾವ ದೇವರ ಜಾತ್ರೆ?” ಎಂದು ಕೇಳಿದರೆ ನಮ್ಮಲ್ಲಿ ಹಲವರು “ಇಲ್ಲಿಯವರದು ಏನೋ ಹಬ್ಬ ಅಮ್ಮಾ” ಎಂದು ಮಾತು ತೇಲಿಸಿಬಿಡುತ್ತೇವೆ.

ಆ ಗುಂಪಿನಲ್ಲಿ ಗಮನವಿಟ್ಟು ನೋಡಿದರೆ ಒಬ್ಬರೇ ಬಂದವರೂ ಕಾಣುತ್ತಾರೆ. ಬೆನ್ನಿಗೊಂದು ಚೀಲ, ಯಾರೊಡನೆಯೂ ಮಾತಿಲ್ಲ, ಕಣ್ಣಲ್ಲಿ ಅರ್ಧ ಕುತೂಹಲ, ಅರ್ಧ ಅಳುಕು. ಇನ್ನಾವುದೋ ರಾಜ್ಯದಿಂದ, ಇನ್ನಾವುದೋ ದೇಶದಿಂದ ಈ ಒಂದು ದಿನಕ್ಕಾಗಿ ಬಂದಿರುತ್ತಾರೆ. ನಮ್ಮ ಬಣ್ಣದವರೂ, ನಮ್ಮ ಮಾತಿನವರೂ ಅವರಲ್ಲಿರುತ್ತಾರೆ. “ದೇಶ ಸುತ್ತು, ಕೋಶ ಓದು” ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ಯಾತ್ರಿಕರು ಸುತ್ತುವ ಊರಿನ ಕೋಶವನ್ನು ಸ್ವಲ್ಪ ಓದೋಣ. ಅದರಲ್ಲಿ ನಮ್ಮವರ ಪುಟಗಳೂ ಇವೆ, ನಾವೆಲ್ಲ ಈ ದೇಶಕ್ಕೆ ಬಂದ ಕಾಯಿದೆಯ ಪುಟವೂ ಇದೆ.

ಹಡಗಿನಲ್ಲಿ ಬಂದವರು

ಕನ್ನಡದಲ್ಲಿ ‘ಬಂದರು’ ಎಂದರೆ ಹಡಗು ನಿಲ್ಲುವ ಜಾಗವೂ ಹೌದು, ಬಂದವರ ಸುದ್ದಿಯೂ ಹೌದು. ಸ್ಯಾನ್ ಫ್ರಾನ್ಸಿಸ್ಕೋಗೆ ಎರಡೂ ಅರ್ಥ ಒಪ್ಪುತ್ತದೆ. 1848ರ ಆರಂಭದಲ್ಲಿ ಅದು ಸುಮಾರು ಒಂದು ಸಾವಿರ ಜನರ ಹಳ್ಳಿ. ಚಿನ್ನ ಸಿಕ್ಕ ಸುದ್ದಿ ಹರಡಿದ ಮೇಲೆ 1849ರ ಕೊನೆಯ ಹೊತ್ತಿಗೆ ಜನಸಂಖ್ಯೆ ಸುಮಾರು ಇಪ್ಪತ್ತೈದು ಸಾವಿರಕ್ಕೆ ಏರಿತ್ತು. ಬಂದವರಲ್ಲಿ ಹೆಚ್ಚಿನವರು ಮನೆ ಮಠ ಬಿಟ್ಟು ಒಬ್ಬರೇ ಹೊರಟ ಗಂಡಸರು. ನಾವಿಕರೂ ಗಣಿಯ ದಾರಿ ಹಿಡಿದದ್ದರಿಂದ ನೂರಾರು ಹಡಗುಗಳು ದಡದಲ್ಲೇ ಉಳಿದವು. ಕೆಲವನ್ನು ಮುಳುಗಿಸಿ ಮೇಲೆ ಮಣ್ಣು ತುಂಬಿ ಊರು ಕಟ್ಟಿದರು. 1994ರಲ್ಲಿ ಮಾರ್ಕೆಟ್ ಸ್ಟ್ರೀಟಿನ ತುದಿಯಲ್ಲಿ ರೈಲು ಸುರಂಗ ತೋಡುವಾಗ ‘ರೋಮ್’ ಎಂಬ ಅಂಥ ಒಂದು ಹಡಗಿನ ಅವಶೇಷ ಸಿಕ್ಕಿತು. ಪ್ರೈಡ್ ಮೆರವಣಿಗೆ ಹೊರಡುವುದು ಅಲ್ಲಿಗೆ ಸಮೀಪದಲ್ಲೇ.

ಮುಂದಿನ ದೊಡ್ಡ ಅಲೆ ಎರಡನೆಯ ಮಹಾಯುದ್ಧದ್ದು. ಪೆಸಿಫಿಕ್ ರಣರಂಗಕ್ಕೆ ಹೊರಟ ಹದಿನಾರು ಲಕ್ಷಕ್ಕೂ ಹೆಚ್ಚು ಸೈನಿಕರು ಈ ಬಂದರಿನಿಂದ ಹಡಗು ಹತ್ತಿದರು. ಸಲಿಂಗಪ್ರೇಮಿಗಳೆಂದು ಸೈನ್ಯ ಪತ್ತೆ ಹಚ್ಚಿದವರಿಗೆ ನೀಲಿ ಕಾಗದದ ಬಿಡುಗಡೆ ಪತ್ರ ಕೊಟ್ಟು ಕಳಿಸುತ್ತಿದ್ದರು. ಅದು ಮರ್ಯಾದೆಯ ಬಿಡುಗಡೆಯೂ ಅಲ್ಲ, ಶಿಕ್ಷೆಯ ಬಿಡುಗಡೆಯೂ ಅಲ್ಲ. ಆದರೆ ಆ ಕಾಗದ ಕೈಯಲ್ಲಿದ್ದವನಿಗೆ ಮಾಜಿ ಸೈನಿಕರಿಗಿದ್ದ ಓದಿನ ನೆರವು, ಮನೆ ಸಾಲ ಇತ್ಯಾದಿ ಸಿಗುತ್ತಿರಲಿಲ್ಲ. ಕೆಲಸ ಕೊಡುವವರು ಅದರ ಬಣ್ಣ ನೋಡಿಯೇ ಬಾಗಿಲು ಹಾಕುತ್ತಿದ್ದರು. ಕಾನ್ಸಾಸಿನ, ಐಯೋವಾದ ಸಣ್ಣ ಊರಿಗೆ ಆ ಕಾಗದ ಹಿಡಿದು ಹೇಗೆ ಹೋಗುವುದು? ಎಷ್ಟೋ ಮಂದಿ ಹಡಗಿನಿಂದ ಇಳಿದ ಊರಿನಲ್ಲೇ ಉಳಿದುಬಿಟ್ಟರು. ಅಲನ್ ಬೆರುಬೆ ಎಂಬ ಇತಿಹಾಸಕಾರರು 1990ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸೈನಿಕರ ಕಥೆಯನ್ನು ವಿವರವಾಗಿ ದಾಖಲಿಸಿದ್ದಾರೆ. ಊರಿಗೆ ಮುಖ ತೋರಿಸಲಾಗದೆ ಪರಸ್ಥಳದಲ್ಲಿ ಉಳಿದವರ ಕಷ್ಟ ನಮಗೆ ತೀರ ಅಪರಿಚಿತವೇನಲ್ಲ.

ಬಾರಿನಿಂದ ಬೀದಿಗೆ

ಇಂಥವರು ಒಬ್ಬರನ್ನೊಬ್ಬರು ಕಾಣುತ್ತಿದ್ದ ಜಾಗ ಬಾರುಗಳು. ಬರ್ಕ್ಲಿ ಮತ್ತು ಓಕ್ಲೆಂಡ್ ಗಡಿಯಲ್ಲಿ ಟೆಲಿಗ್ರಾಫ್ ಅವೆನ್ಯೂ ಮೇಲಿರುವ ‘ವೈಟ್ ಹಾರ್ಸ್’ 1933ರಷ್ಟು ಹಳೆಯದು. ಸ್ಯಾನ್ ಫ್ರಾನ್ಸಿಸ್ಕೋದ ‘ಬ್ಲ್ಯಾಕ್ ಕ್ಯಾಟ್’ ಇನ್ನೂ ಹೆಸರುವಾಸಿ. ಇಂಥ ಗಿರಾಕಿಗಳು ಸೇರುತ್ತಾರೆಂಬ ಒಂದೇ ಕಾರಣಕ್ಕೆ ಅಂಗಡಿಯ ಪರವಾನಗಿ ಕಿತ್ತುಕೊಳ್ಳುವಂತಿಲ್ಲ ಎಂದು 1951ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು ಈ ಬಾರಿನ ಮೊಕದ್ದಮೆಯಲ್ಲೇ. ಅಲ್ಲಿ ಹಾಡುತ್ತಿದ್ದ ಹೋಸೆ ಸರಿಯಾ 1961ರಲ್ಲಿ ನಗರದ ಸೂಪರ್‌ವೈಸರ್ ಮಂಡಳಿಗೆ ಚುನಾವಣೆಗೆ ನಿಂತು ಐದು ಸಾವಿರಕ್ಕೂ ಹೆಚ್ಚು ಮತ ಪಡೆದರು. ಗೆಲ್ಲಲಿಲ್ಲ. ಆದರೆ ನಮಗೂ ಮತಗಳಿವೆ ಎಂಬುದನ್ನು ಎಣಿಸಿ ತೋರಿಸಿದರು. ತಾನು ಗೇ ಎಂದು ಬಹಿರಂಗವಾಗಿ ಹೇಳಿಕೊಂಡು ಈ ದೇಶದಲ್ಲಿ ಚುನಾವಣೆಗೆ ನಿಂತ ಮೊದಲಿಗರು ಅವರೇ.

ಹೆಂಗಸರಿಗೆ ಬಾರು ಕೂಡ ಸುರಕ್ಷಿತವಾಗಿರಲಿಲ್ಲ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಿದ ಫಿಲಿಸ್ ಲಯನ್ ಮತ್ತು ಅವರ ಸಂಗಾತಿ ಡೆಲ್ ಮಾರ್ಟಿನ್ ಇನ್ನು ಕೆಲವರೊಡನೆ 1955ರಲ್ಲಿ ‘ಡಾಟರ್ಸ್ ಆಫ್ ಬಿಲಿಟಿಸ್’ ಎಂಬ ಸಂಘ ಕಟ್ಟಿದರು. ಮನೆಯ ಹಜಾರದಲ್ಲಿ ಕೂಡಿ ಕಾಫಿ ಕುಡಿಯುತ್ತಾ ಮಾತನಾಡುವುದೇ ಮೊದಲಿನ ಉದ್ದೇಶ. ಆಮೇಲೆ ಪತ್ರಿಕೆಯೊಂದನ್ನೂ ಹೊರತಂದರು. ಪರದೇಶದಲ್ಲಿ ನಮ್ಮ ಕನ್ನಡ ಕೂಟಗಳೂ ಹುಟ್ಟಿದ್ದು ಯಾರದೋ ಮನೆಯ ಹಜಾರದಲ್ಲೇ ಅಲ್ಲವೇ?

1966ರ ಆಗಸ್ಟಿನಲ್ಲಿ ಟೆಂಡರ್‌ಲಾಯ್ನ್ ಬಡಾವಣೆಯ ‘ಕಾಂಪ್ಟನ್ಸ್’ ಕೆಫೆಟೇರಿಯಾದಲ್ಲಿ ಪೊಲೀಸರ ಕಿರುಕುಳ ಸಾಕಾಗಿ ಲಿಂಗ ಪರಿವರ್ತಿತರು ತಿರುಗಿಬಿದ್ದರು. 1969ರ ಜೂನ್ 28ರಂದು ನ್ಯೂಯಾರ್ಕಿನ ‘ಸ್ಟೋನ್‌ವಾಲ್’ ಬಾರಿನಲ್ಲಿ ನಡೆದ ದಂಗೆ ದೇಶಕ್ಕೆಲ್ಲ ಗೊತ್ತಾಯಿತು. ಅದರ ವರ್ಷದ ನೆನಪಿಗೆ 1970ರ ಜೂನ್ 27ರಂದು ಸ್ಯಾನ್ ಫ್ರಾನ್ಸಿಸ್ಕೋದ ಪೋಕ್ ಸ್ಟ್ರೀಟಿನಲ್ಲಿ ಒಂದು ಸಣ್ಣ ಗುಂಪು ನಡೆದುಹೋಯಿತು. ಮರುದಿನ ಗೋಲ್ಡನ್ ಗೇಟ್ ಉದ್ಯಾನದಲ್ಲಿ ಕೆಲವರು ಕೂಡಿದರು. ದೊಡ್ಡ ಮೆರವಣಿಗೆ ಶುರುವಾದದ್ದು 1972ರಲ್ಲಿ. ಆ ದಶಕದಲ್ಲಿ ಅದರ ಹೆಸರು ‘ಗೇ ಫ್ರೀಡಂ ಡೇ’. ‘ಪ್ರೈಡ್’ ಎಂಬ ಹೆಸರು ನಿಂತದ್ದು ಬಹಳ ಆಮೇಲೆ.

ಇಂದು ಎಲ್ಲೆಡೆ ಹಾರುವ ಬಾವುಟದ ಹಿಂದೆಯೂ ಒಬ್ಬನೇ ಬಂದ ಯಾತ್ರಿಕನಿದ್ದಾನೆ. ಗಿಲ್ಬರ್ಟ್ ಬೇಕರ್ ಕಾನ್ಸಾಸಿನ ಹುಡುಗ. ಸೈನ್ಯದ ಕೆಲಸದ ಮೇಲೆ ಇಲ್ಲಿಗೆ ಬಂದು, ಬಿಡುಗಡೆಯಾದ ಮೇಲೆ ಇಲ್ಲೇ ನಿಂತು, ಹೊಲಿಗೆ ಕಲಿತ. ಗೆಳೆಯರ ನೆರವಿನಿಂದ ಬಟ್ಟೆಗೆ ಕೈಯಲ್ಲೇ ಬಣ್ಣ ಹಾಕಿ ಎಂಟು ಪಟ್ಟೆಗಳ ಬಾವುಟ ಹೊಲಿದು 1978ರ ಜೂನ್ 25ರಂದು ಯುನೈಟೆಡ್ ನೇಷನ್ಸ್ ಪ್ಲಾಜಾದಲ್ಲಿ ಹಾರಿಸಿದ. ಈಗ ಎಲ್ಲೆಡೆ ಕಾಣುವ ಬಾವುಟದಲ್ಲಿ ಆರೇ ಪಟ್ಟೆಗಳು. ಏಳು ಬಣ್ಣದ ಬಾವುಟವೆಂದು ನಾವು ಮಾತಿಗೆ ಹೇಳುತ್ತೇವೆ, ಅಷ್ಟೇ.

ಅದೇ ವರ್ಷ ನವೆಂಬರ್ 27ರಂದು ನಗರದ ಮೇಯರ್ ಜಾರ್ಜ್ ಮೊಸ್ಕೋನಿ ಮತ್ತು ಸೂಪರ್‌ವೈಸರ್ ಹಾರ್ವಿ ಮಿಲ್ಕ್ ಇಬ್ಬರೂ ಸಿಟಿ ಹಾಲಿನಲ್ಲೇ ಗುಂಡಿಗೆ ಬಲಿಯಾದರು. ಕೊಂದವನು ಮಂಡಳಿಯ ಮಾಜಿ ಸದಸ್ಯ ಡ್ಯಾನ್ ವೈಟ್. ನ್ಯೂಯಾರ್ಕಿನಿಂದ ಬಂದು ಕ್ಯಾಸ್ಟ್ರೋ ಬೀದಿಯಲ್ಲಿ ಕ್ಯಾಮೆರಾ ಅಂಗಡಿ ಇಟ್ಟಿದ್ದ ಮಿಲ್ಕ್ ಅಧಿಕಾರದಲ್ಲಿದ್ದದ್ದು ಹನ್ನೊಂದೇ ತಿಂಗಳು. ಮನೆಯವರಿಗೆ, ನೆರೆಯವರಿಗೆ, ಜೊತೆ ಕೆಲಸ ಮಾಡುವವರಿಗೆ ನಿಮ್ಮ ಸತ್ಯ ಹೇಳಿ ಎಂಬುದು ಅವರು ಹೋದಲ್ಲೆಲ್ಲ ಹೇಳುತ್ತಿದ್ದ ಮಾತು. ಗೊತ್ತಿರುವ ಮುಖವನ್ನು ದ್ವೇಷಿಸುವುದು ಕಷ್ಟ ಎಂಬುದು ಅವರ ಲೆಕ್ಕಾಚಾರವಾಗಿತ್ತು.

ಒಂದೇ ಕಾಯಿದೆ, ಎರಡು ಬಾಗಿಲು

ಇಲ್ಲಿಗೆ ನಮ್ಮ ಚರಿತ್ರೆ ಸೇರಿಕೊಳ್ಳುತ್ತದೆ. ಬರ್ಕ್ಲಿಯ ಬಾರ್ಟ್ ನಿಲ್ದಾಣದಿಂದ ಮೇಲೆ ಬಂದರೆ ಸಿಗುವ ಶ್ಯಾಟಕ್ ಅವೆನ್ಯೂವಿನ ಒಂದು ತುಂಡಿಗೆ ಈಗ ‘ಕಲಾ ಬಗಾಯಿ ವೇ’ ಎಂದು ಹೆಸರು. ನಗರಸಭೆ ಇದನ್ನು ತೀರ್ಮಾನಿಸಿದ್ದು 2020ರಲ್ಲಿ. ಕಲಾ ಬಗಾಯಿ 1915ರಲ್ಲಿ ಗಂಡ ವೈಷ್ಣೋದಾಸ್ ಮತ್ತು ಮೂವರು ಗಂಡುಮಕ್ಕಳೊಡನೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದವರು. ಬರ್ಕ್ಲಿಯಲ್ಲಿ ಮನೆ ಕೊಂಡು ಸಾಮಾನು ಸಮೇತ ಬಂದರೆ ನೆರೆಯವರು ಮನೆಗೆ ಬೀಗ ಜಡಿದು ಒಳಗೆ ಕಾಲಿಡಲು ಬಿಡಲಿಲ್ಲ. ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದು 1923ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೇಲೆ ವೈಷ್ಣೋದಾಸರ ಪೌರತ್ವವೂ ಹೋಯಿತು. 1928ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. 1946ರಲ್ಲಿ ಬಾಗಿಲು ತುಸು ತೆರೆಯಿತು. ಆಗಲೂ ಇಡೀ ಭಾರತಕ್ಕೆ ವರ್ಷಕ್ಕೆ ನೂರು ಜನರ ಲೆಕ್ಕ.

1965ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ ವಲಸೆ ಕಾಯಿದೆಯನ್ನು ನಮ್ಮ ಹಿರಿಯ ಸದಸ್ಯರು ಬಲ್ಲರು. ದೇಶವಾರು ಕೋಟಾ ರದ್ದಾಗಿ, ಓದು ಮತ್ತು ಕಸುಬಿನ ಮೇಲೆ ವೀಸಾ ಸಿಗುವಂತಾದದ್ದು ಅದರಿಂದ. ಮೈಸೂರು, ಧಾರವಾಡ, ಮಂಗಳೂರುಗಳ ಡಾಕ್ಟರು ಇಂಜಿನಿಯರುಗಳು ಈ ದಡ ಕಂಡದ್ದು ಅದರಿಂದ. ಕನ್ನಡ ಕೂಟಗಳು ಹುಟ್ಟಿದ್ದೂ ಅದರಿಂದಲೇ ಎನ್ನಬಹುದು.

ಆದರೆ ಅದೇ ಕಾಯಿದೆಯಲ್ಲಿ ಇನ್ನೊಂದು ಸಾಲು ಸೇರಿತ್ತು. 1952ರ ಕಾಯಿದೆ ಮಾನಸಿಕ ವಿಕಾರದ ಹೆಸರಿನಲ್ಲಿ ಸಲಿಂಗಪ್ರೇಮಿಗಳನ್ನು ಗಡಿಯಲ್ಲೇ ತಡೆಯುತ್ತಿತ್ತು. ಆ ಮಾತು ಸ್ಪಷ್ಟವಿಲ್ಲವೆಂದು ನ್ಯಾಯಾಲಯವೊಂದು ತಕರಾರು ತೆಗೆದಿದ್ದರಿಂದ 1965ರಲ್ಲಿ ‘ಲೈಂಗಿಕ ವಿಪರೀತ’ ಎಂಬ ಅರ್ಥದ ಪದವನ್ನೇ ಸೇರಿಸಿ ಬಾಗಿಲನ್ನು ಭದ್ರ ಮಾಡಿದರು. 1955ರಿಂದ ಇಲ್ಲಿ ಬಾಳಿದ್ದ ಕ್ಲೈವ್ ಬುಟಿಲಿಯರ್ ಎಂಬ ಕೆನಡಾದವರನ್ನು ಹಳೆಯ ಕಾಯಿದೆಯಡಿ ಹೊರಗಟ್ಟುವುದು ಸರಿಯೆಂದು 1967ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಮಗೆ ಬಾಗಿಲು ತೆರೆದ ಕೈಯೇ ನಮ್ಮಲ್ಲೇ ಕೆಲವರಿಗೆ ಅದನ್ನು ಮುಚ್ಚಿತ್ತು. ಆ ವರ್ಷಗಳಲ್ಲಿ ಬಂದ ಸಾವಿರಾರು ಭಾರತೀಯರಲ್ಲಿ ಅಂಥವರು ಇರಲಿಲ್ಲವೆಂದು ತಿಳಿಯಲು ಕಾರಣವಿಲ್ಲ. ಇದ್ದರು, ಬಾಯಿ ಬಿಡಲಿಲ್ಲ. ಊರಿನಲ್ಲಿ ಬ್ರಿಟಿಷರು 1860ರಲ್ಲಿ ಬರೆದಿಟ್ಟ ದಂಡಸಂಹಿತೆಯ 377ನೆಯ ಕಲಮು, ಇಲ್ಲಿ ವಲಸೆ ಕಾಯಿದೆ. ನಡುವೆ ವಿಮಾನ ಹತ್ತಿದ ಒಂಟಿ ಜೀವ.

ಪ್ರೈಡ್ ನೋಡಲು ಬಂದ ಯಾತ್ರಿಕನಿಗೆ ಈ ಕಾಯಿದೆ ಹೇಗೆ ಅಡ್ಡ ಬಂತು ಎಂಬುದಕ್ಕೆ ದಾಖಲಾದ ಒಂದು ಪ್ರಕರಣವೇ ಇದೆ. 1979ರ ಜೂನ್ ತಿಂಗಳಲ್ಲಿ ಲಂಡನ್ನಿನ ‘ಗೇ ನ್ಯೂಸ್’ ಪತ್ರಿಕೆಯ ಕಾರ್ಲ್ ಹಿಲ್ ಮೆರವಣಿಗೆಯ ವರದಿಗೆಂದು ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ಇಳಿದರು. ಅಂಗಿಯ ಮೇಲೊಂದು ಬಿಲ್ಲೆ. ಅದನ್ನು ನೋಡಿ ಅಧಿಕಾರಿ ಪ್ರಶ್ನಿಸಿದಾಗ ಹಿಲ್ ಸುಳ್ಳು ಹೇಳಲಿಲ್ಲ. ಅವರನ್ನು ತಡೆದು, ಸರ್ಕಾರಿ ವೈದ್ಯರ ಪರೀಕ್ಷೆಗೆ ಹೋಗಬೇಕೆಂದರು. ವಿಷಯ ನ್ಯಾಯಾಲಯಕ್ಕೆ ಹೋಯಿತು. ಅದೇ ಆಗಸ್ಟಿನಲ್ಲಿ ದೇಶದ ಸರ್ಜನ್ ಜನರಲ್, ಇದು ರೋಗವಲ್ಲ, ಇನ್ನು ನಮ್ಮ ವೈದ್ಯರು ಇಂಥ ಸರ್ಟಿಫಿಕೇಟು ಕೊಡುವುದಿಲ್ಲ ಎಂದು ಪ್ರಕಟಿಸಿದರು. 1980ರಲ್ಲಿ ಸರ್ಕಾರ ಒಂದು ನಡುದಾರಿ ಹುಡುಕಿತು: ಅಧಿಕಾರಿಗಳು ತಾವಾಗಿ ಕೇಳಬಾರದು, ಬಂದವರು ತಾವಾಗಿ ಹೇಳಿಕೊಂಡರೆ ತಡೆಯಬಹುದು. ಅಂದರೆ ವೀಸಾದ ಜೊತೆಗೆ ಮೌನವೂ ಒಂದು ಷರತ್ತು. ಹಿಲ್ ಮತ್ತೆ ಬಂದರು, ಮತ್ತೆ ಹೇಳಿದರು. 1983ರಲ್ಲಿ ಇಲ್ಲಿಯ ಒಂಬತ್ತನೆಯ ಸರ್ಕಿಟ್ ನ್ಯಾಯಾಲಯ ವೈದ್ಯರ ಸರ್ಟಿಫಿಕೇಟಿಲ್ಲದೆ ಅವರನ್ನು ತಡೆಯಲಾಗದು ಎಂದು ತೀರ್ಪಿತ್ತಿತು. ಕಾಯಿದೆಯ ಸಾಲು ಮಾತ್ರ ಪುಸ್ತಕದಲ್ಲಿ ಹಾಗೆಯೇ ಉಳಿಯಿತು. ಅದನ್ನು ತೆಗೆದುಹಾಕಿದ್ದು 1990ರ ವಲಸೆ ಕಾಯಿದೆ.

ಬರ್ಕ್ಲಿ ಕೊಟ್ಟ ಪದ

ಕೊಲ್ಲಿಯ ಆಚೆ ಮೆರವಣಿಗೆ ಬೆಳೆಯುತ್ತಿದ್ದಾಗ ಈಚೆ ಬರ್ಕ್ಲಿಯಲ್ಲಿ ಸದ್ದಿಲ್ಲದ ಕೆಲಸಗಳು ನಡೆದಿದ್ದವು. 1973ರಲ್ಲಿ ಇಲ್ಲಿ ಆರಂಭವಾದ ‘ಪೆಸಿಫಿಕ್ ಸೆಂಟರ್’ ಕೊಲ್ಲಿ ಪ್ರದೇಶದಲ್ಲೇ ಇಂಥ ಮೊದಲ ಆಶ್ರಯ ಕೇಂದ್ರ. ಕ್ಯಾಲಿಫೋರ್ನಿಯಾದಲ್ಲಿ ಸಲಿಂಗಪ್ರೇಮವನ್ನು ಅಪರಾಧವೆನ್ನುತ್ತಿದ್ದ ಹಳೆಯ ಕಾನೂನು 1975ರಲ್ಲಿ ರದ್ದಾಯಿತು. ಅದಕ್ಕೆ ಶ್ರಮಿಸಿದವರಲ್ಲಿ ಮುಂದೆ ಮೇಯರ್ ಆಗಿ ಕೊಲೆಯಾದ ಮೊಸ್ಕೋನಿಯವರೂ ಒಬ್ಬರು.

ಅಪರಾಧವಲ್ಲ ಎಂದಾಯಿತು ಸರಿ, ಸಂಬಂಧ ಏನು? ಟಾಮ್ ಬ್ರೌಮ್ ಎಂಬುವರು 1979ರಲ್ಲಿ ಬರ್ಕ್ಲಿ ನಗರಸಭೆಯ ನೌಕರರು. ನೌಕರರ ಆರೋಗ್ಯ ವಿಮೆ ಗಂಡನಿಗೆ ಅಥವಾ ಹೆಂಡತಿಗೆ ಮಾತ್ರ. ತಮ್ಮ ಜೊತೆ ಬಾಳುತ್ತಿದ್ದ ಸಂಗಾತಿಯನ್ನು ಅರ್ಜಿಯಲ್ಲಿ ಬರೆಯಲು ಜಾಗವೇ ಇರಲಿಲ್ಲ. ಅವರು ಬೀದಿಗಿಳಿದು ಕೂಗಲಿಲ್ಲ. ಮೇಲಿನವರಿಗೆ ಒಂದು ಪತ್ರ ಬರೆದರು. ಮದುವೆಯಾಗಲು ಕಾನೂನು ಬಿಡದವರಿಗೆ ‘ಡೊಮೆಸ್ಟಿಕ್ ಪಾರ್ಟ್‌ನರ್’ ಎಂಬ ಹೊಸ ಹೆಸರು ಇಡೋಣ, ಒಂದೇ ಮನೆ, ಒಂದೇ ಒಲೆ, ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಹೊಣೆ ಎಂದು ಬರೆದುಕೊಡುವವರನ್ನು ಹಾಗೆ ಪರಿಗಣಿಸೋಣ ಎಂಬುದು ಸಲಹೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1982ರಲ್ಲಿ ಇಂಥದೇ ಠರಾವು ಮಂಡಳಿಯಲ್ಲಿ ಪಾಸಾದರೂ ಮೇಯರ್ ಫೈನ್‌ಸ್ಟೈನ್ ತಡೆಹಿಡಿದರು. ಬರ್ಕ್ಲಿ ನಗರಸಭೆ ಡಿಸೆಂಬರ್ 1984ರಲ್ಲಿ ಒಪ್ಪಿತು. ದೇಶದಲ್ಲಿ ಹೀಗೆ ಒಪ್ಪಿದ ಮೊದಲ ನಗರ ನಮ್ಮ ಬರ್ಕ್ಲಿ. ಮುಂದೆ ಎಷ್ಟೋ ಕಂಪನಿಗಳು, ವಿಶ್ವವಿದ್ಯಾಲಯಗಳು ಬಳಸಿದ ಪದ ಒಂದು ಅರ್ಜಿಯಲ್ಲಿ ಜಾಗವಿಲ್ಲದ ಕಾರಣ ಹುಟ್ಟಿದ್ದು.

ಮೂರು ಮೂಲೆಯ ಪತ್ರಿಕೆ

1986ರ ಜನವರಿ. ಈ ಕೊಲ್ಲಿ ಪ್ರದೇಶದಲ್ಲಿ ಅರವಿಂದ ಕುಮಾರ್ ಮತ್ತು ಸುವೀರ್ ದಾಸ್ ಎಂಬ ಇಬ್ಬರು ಒಂದು ಸಣ್ಣ ಪತ್ರಿಕೆ ಹೊರಡಿಸಿದರು. ಹೆಸರು ‘ತ್ರಿಕೋನ’. ನಾಜಿಗಳು ಸೆರೆಶಿಬಿರಗಳಲ್ಲಿ ಸಲಿಂಗಪ್ರೇಮಿಗಳ ಅಂಗಿಗೆ ಹೊಲಿಸುತ್ತಿದ್ದ ಗುಲಾಬಿ ಬಣ್ಣದ ತ್ರಿಕೋನವನ್ನು ಇಲ್ಲಿಯವರು ಅಭಿಮಾನದ ಗುರುತಾಗಿ ಧರಿಸತೊಡಗಿದ್ದರು. ಅದಕ್ಕೆ ನಮ್ಮ ಸಂಸ್ಕೃತದ ಹೆಸರು. ದಕ್ಷಿಣ ಏಷ್ಯಾದ ಸಲಿಂಗಪ್ರೇಮಿಗಳಿಗಾಗಿ ಹುಟ್ಟಿದ ಈ ಸಂಘಟನೆ ಜಗತ್ತಿನಲ್ಲೇ ಅತ್ಯಂತ ಹಳೆಯವುಗಳಲ್ಲಿ ಒಂದು. ಮುಂಬಯಿಯಲ್ಲಿ ‘ಬಾಂಬೆ ದೋಸ್ತ್’ ಪತ್ರಿಕೆ ಶುರುವಾದದ್ದು 1990ರಲ್ಲಿ, ಅಂದರೆ ನಾಲ್ಕು ವರ್ಷಗಳ ನಂತರ. ಅರವಿಂದ ಕುಮಾರ್ 1987ರಲ್ಲಿ ಇನ್ನಿಬ್ಬರೊಡನೆ ಸೇರಿ ಆರಂಭಿಸಿದ ‘ಇಂಡಿಯಾ ಕರೆಂಟ್ಸ್’ ಪತ್ರಿಕೆ ನಮ್ಮ ಎಷ್ಟೋ ಮನೆಗಳ ಕಾಫಿ ಮೇಜಿನ ಮೇಲೆ ಇತ್ತು. ಸಂಗೀತ ಕಚೇರಿಯ ಜಾಹೀರಾತು, ವರಾನ್ವೇಷಣೆ ಎಲ್ಲವನ್ನೂ ಅದರಲ್ಲಿ ನೋಡಿದವರಿಗೆ ಅದರ ಸ್ಥಾಪಕರಲ್ಲೊಬ್ಬರು ‘ತ್ರಿಕೋನ’ದವರೂ ಹೌದೆಂಬುದು ಗೊತ್ತಿರಲಾರದು.

ಅದೇ 1986ರ ಮೆರವಣಿಗೆಯಲ್ಲಿ ‘ತ್ರಿಕೋನ’ದ ಹೆಸರು ಬರೆದ ಬಟ್ಟೆ ಹಿಡಿದು ಬೆರಳೆಣಿಕೆಯ ಭಾರತೀಯರು ನಡೆದರು. ಅಂದಿನ ಪರಿಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳಿ. ವಲಸೆ ಕಾಯಿದೆಯ ಸಾಲು ಇನ್ನೂ ಜೀವಂತ. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ಕಾಯುವುದು ಎಂದರೇನು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಫೋಟೋ ಪತ್ರಿಕೆಯಲ್ಲಿ ಬಂದರೆ ಊರಿನಲ್ಲಿ ತಂಗಿಯ ಮದುವೆ ನಿಲ್ಲಬಹುದೆಂಬ ಹೆದರಿಕೆ ಬೇರೆ. ಅದರ ಮೇಲೆ ಏಡ್ಸ್ ಮಾರಿ.

ಆ ಮಾರಿಯ ಬಗ್ಗೆ ಎರಡು ಮಾತು ಹೇಳಲೇಬೇಕು. 1981ರಲ್ಲಿ ಮೊದಲ ವರದಿಗಳು ಬಂದವು. ಸ್ಯಾನ್ ಫ್ರಾನ್ಸಿಸ್ಕೋ ನಗರವೊಂದರಲ್ಲೇ ಇದುವರೆಗೆ ಸುಮಾರು ಇಪ್ಪತ್ತು ಸಾವಿರ ಜನ ಅದಕ್ಕೆ ಬಲಿಯಾಗಿದ್ದಾರೆ. ಮುಟ್ಟಲು ಹೆದರುತ್ತಿದ್ದ ಕಾಲದಲ್ಲಿ, 1983ರಲ್ಲಿ, ಇಲ್ಲಿಯ ಜನರಲ್ ಆಸ್ಪತ್ರೆಯ 5ಬಿ ವಾರ್ಡಿನಲ್ಲಿ ನರ್ಸುಗಳು ರೋಗಿಗಳ ಕೈ ಹಿಡಿದು ಆರೈಕೆ ಮಾಡಿದರು. 1987ರಲ್ಲಿ ಇದೇ ಊರಿನಲ್ಲಿ, ಸತ್ತ ಒಬ್ಬೊಬ್ಬರ ಹೆಸರಿಗೂ ಒಂದೊಂದು ತುಂಡು ಹೊಲಿದು ಜೋಡಿಸುವ ಕೆಲಸ ಆರಂಭವಾಯಿತು. ನಮ್ಮ ಅಜ್ಜಿಯರ ಕೌದಿಯ ಹಾಗೆ. ಆ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಹಾಸಿದಾಗ ಅದರಲ್ಲಿ 1,920 ತುಂಡುಗಳಿದ್ದವು. ಮೆರವಣಿಗೆಯ ಕುಣಿತ ಮಾತ್ರ ನೋಡಿ ಇದೇನು ಅತಿರೇಕ ಎನ್ನುವವರು ಈ ಕೌದಿಯನ್ನೂ ನೆನೆಯಬೇಕು. ಅಲ್ಲಿ ಕುಣಿಯುವ ನರೆತ ತಲೆಯವರು ಸ್ನೇಹಿತರನ್ನೆಲ್ಲ ಮಣ್ಣು ಮಾಡಿ ಉಳಿದುಕೊಂಡವರು.

ನಮ್ಮೂರಿನ ಹೆಣ್ಣುಮಗಳು

ಒಬ್ಬರೇ ದೇಶ ಸುತ್ತಿದವರ ಮಾತು ಬಂದಾಗ ಬೆಂಗಳೂರಿನ ಶಕುಂತಲಾ ದೇವಿಯವರನ್ನು ಬಿಡುವಂತಿಲ್ಲ. 1929ರಲ್ಲಿ ಕನ್ನಡ ಮನೆತನದಲ್ಲಿ ಹುಟ್ಟಿ, ಶಾಲೆಯ ಓದಿಲ್ಲದೆ, ಲೆಕ್ಕದ ಬಲದಿಂದಲೇ ಜಗತ್ತು ತಿರುಗಿದವರು. 1988ರಲ್ಲಿ ಅವರು ಬರ್ಕ್ಲಿಗೆ ಬಂದಿದ್ದರು. ಬೇರೆ ಕಾರಣಗಳಿಗೆ ವಿವಾದಕ್ಕೊಳಗಾಗಿದ್ದ ಮನಶ್ಶಾಸ್ತ್ರದ ಪ್ರೊಫೆಸರ್ ಆರ್ಥರ್ ಜೆನ್ಸನ್ ವಿಶ್ವವಿದ್ಯಾಲಯದಲ್ಲಿ ಅವರನ್ನು ಪರೀಕ್ಷಿಸಿದರು. 6,16,29,875ರ ಘನಮೂಲ ಎಷ್ಟು, 17,08,59,375ರ ಏಳನೆಯ ಮೂಲ ಎಷ್ಟು ಎಂಬ ಲೆಕ್ಕಗಳನ್ನು ಜೆನ್ಸನ್ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುವುದರೊಳಗೆ 395, 15 ಎಂದು ಉತ್ತರ ಬಂದಿತ್ತಂತೆ. ಈ ವರದಿ 1990ರಲ್ಲಿ ಅಚ್ಚಾಯಿತು.

ಇದು ಎಲ್ಲರಿಗೂ ಗೊತ್ತಿರುವ ಶಕುಂತಲಾ ದೇವಿ. ಗೊತ್ತಿಲ್ಲದ ಇನ್ನೊಂದು ಸಂಗತಿ ಎಂದರೆ, ಬರ್ಕ್ಲಿಗೆ ಬರುವ ಹನ್ನೊಂದು ವರ್ಷ ಮೊದಲೇ, 1977ರಲ್ಲಿ, ದೆಹಲಿಯ ವಿಕಾಸ್ ಪ್ರಕಾಶನ ಅವರ ‘ದಿ ವರ್ಲ್ಡ್ ಆಫ್ ಹೋಮೋಸೆಕ್ಷುಯಲ್ಸ್’ ಎಂಬ ಪುಸ್ತಕ ಪ್ರಕಟಿಸಿತ್ತು. ಈ ವಿಷಯದ ಮೇಲೆ ಭಾರತದಲ್ಲಿ ಬಂದ ಮೊದಮೊದಲ ಅಧ್ಯಯನಗಳಲ್ಲಿ ಅದೂ ಒಂದು. ಅದರಲ್ಲಿ ಅವರು ಹಲವರನ್ನು ಕಂಡು ಮಾತನಾಡಿಸಿದ್ದಾರೆ. ಶ್ರೀರಂಗದ ದೇವಸ್ಥಾನದ ಒಬ್ಬ ವೈಷ್ಣವ ಅರ್ಚಕರೂ ಅವರಲ್ಲಿದ್ದಾರೆ. ಇದೆಲ್ಲ ಹಿಂದಿನ ಜನ್ಮದ ಪ್ರೀತಿಯ ಮುಂದುವರಿಕೆ, ದೇಹ ಬದಲಾದರೂ ಬಂಧ ಬದಲಾಗದು ಎಂಬ ಧಾಟಿಯಲ್ಲಿ ಅವರು ಉತ್ತರಿಸಿದ್ದರು. ಕನಿಕರ ಸಾಲದು, ಒಪ್ಪಿಕೊಳ್ಳಬೇಕು ಎಂಬುದು ಪುಸ್ತಕದ ಸಾರ. ಆಗ ಅದನ್ನು ಓದಿದವರು ಕಡಿಮೆ. ಹೊರಗಿನವರ ಹುಚ್ಚು ನಮ್ಮ ಮಕ್ಕಳಿಗೆ ಅಂಟಿತು ಎನ್ನುವವರಿಗೆ ಈ ಒಂದು ಪುಸ್ತಕವೇ ಉತ್ತರ.

ಊರಿನ ಸುದ್ದಿ

ಹಾಗೆ ನೋಡಿದರೆ ನಮ್ಮ ನಾಡಿಗೆ ಇದು ಹೊಸದಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಚೌಡಿಕೆ ಹಿಡಿದ ಜೋಗಪ್ಪಂದಿರನ್ನು ಕಂಡವರು, ವಿರಾಟನ ಅರಮನೆಯ ಬೃಹನ್ನಳೆಯ ಕಥೆ ಕೇಳಿದವರು ನಾವು. ಆ ಪರಂಪರೆಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು.

ಬೆಂಗಳೂರಿನಲ್ಲಿ 1994ರಲ್ಲಿ ‘ಗುಡ್ ಆ್ಯಸ್ ಯು’ ಎಂಬ ಗೆಳೆಯರ ಕೂಟ ವಾರಕ್ಕೊಮ್ಮೆ ಸೇರತೊಡಗಿತು. 1999ರಲ್ಲಿ ‘ಸಂಗಮ’ ಸಂಸ್ಥೆ ಹುಟ್ಟಿತು. 2008ರ ಜೂನ್ 29ರಂದು ದೆಹಲಿ, ಕಲ್ಕತ್ತೆಗಳ ಜೊತೆಗೆ ಬೆಂಗಳೂರೂ ಮೊದಲ ಸಲ ಬೀದಿಗಿಳಿಯಿತು. ಆ ನಡಿಗೆಯಲ್ಲಿ ಮುಖವಾಡ ತೊಟ್ಟವರು ಬಹಳ ಮಂದಿ ಇದ್ದರು. 2009ರಲ್ಲಿ ದೆಹಲಿ ಹೈಕೋರ್ಟು 377ನೆಯ ಕಲಮಿನ ಹಲ್ಲು ಕಿತ್ತಿತು. 2013ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಹಲ್ಲು ಕಟ್ಟಿತು. ಅದೇ 2013ರಲ್ಲಿ ಸಂಡೂರಿನ ವಸುಧೇಂದ್ರ ‘ಮೋಹನಸ್ವಾಮಿ’ ಕಥಾಸಂಕಲನ ಪ್ರಕಟಿಸಿದರು. ಗೇ ನಾಯಕನೊಬ್ಬನ ಒಳಗುದಿಯನ್ನು ನಮ್ಮದೇ ಬಳ್ಳಾರಿ ಸೀಮೆಯ, ಬೆಂಗಳೂರಿನ ಬಾಡಿಗೆ ಮನೆಯ ಕನ್ನಡದಲ್ಲಿ ಹೇಳಿದ ಪುಸ್ತಕ. ಕಥೆಗಳ ಜೊತೆಗೆ ಲೇಖಕರು ತಮ್ಮ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಮಾತನಾಡಿದರು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಪರಸ್ಪರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಎಂದು ತೀರ್ಪಿತ್ತಿತು. ಮದುವೆಯ ಹಕ್ಕನ್ನು ಮಾತ್ರ 2023ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯ ಕೊಡಲು ಒಪ್ಪಲಿಲ್ಲ.

ಇಲ್ಲಿ 2004ರ ಫೆಬ್ರವರಿ 12ರಂದು ಸಿಟಿ ಹಾಲಿನಲ್ಲಿ ಮೊದಲು ಮದುವೆಯಾದ ಜೋಡಿ ಅದೇ ಫಿಲಿಸ್ ಲಯನ್ ಮತ್ತು ಡೆಲ್ ಮಾರ್ಟಿನ್. ಐವತ್ತು ವರ್ಷ ಜೊತೆ ಬಾಳಿದ್ದ ಅವರ ಮದುವೆಯನ್ನು ಆರು ತಿಂಗಳೊಳಗೆ ನ್ಯಾಯಾಲಯ ಅಸಿಂಧುಗೊಳಿಸಿತು. 2008ರ ಜೂನ್ 16ರಂದು ಮತ್ತೆ ಮದುವೆಯಾದರು. ಆಗಸ್ಟಿನಲ್ಲಿ ಡೆಲ್ ತೀರಿಕೊಂಡರು. 2013ರ ಜೂನ್ 26ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಸಲಿಂಗ ದಂಪತಿಗಳಿಗೂ ಒಬ್ಬರ ಮೂಲಕ ಇನ್ನೊಬ್ಬರಿಗೆ ಗ್ರೀನ್ ಕಾರ್ಡು ಸಿಗುವಂತಾಯಿತು. 2015ರ ಅದೇ ದಿನಾಂಕದ ತೀರ್ಪಿನಿಂದ ದೇಶವಿಡೀ ಮದುವೆ ಊರ್ಜಿತವಾಯಿತು. 1965ರಲ್ಲಿ ಮುಚ್ಚಿದ ಬಾಗಿಲು ಪೂರ್ತಿ ತೆರೆಯಲು ಅರ್ಧ ಶತಮಾನ ಹಿಡಿಯಿತು.

ನಮ್ಮ ಅರ್ಜಿಯ ಚೌಕ

ಮುಂದಿನ ಜೂನಿನಲ್ಲಿ ಮೆರವಣಿಗೆ ನೋಡಬಯಸುವವರಿಗೆ ಒಂದೆರಡು ಸೂಚನೆ. ಬರ್ಕ್ಲಿಯಿಂದ ಎಂಬಾರ್ಕಡೆರೋ ನಿಲ್ದಾಣಕ್ಕೆ ಅರ್ಧ ಗಂಟೆ ಸಾಕು, ಕಾರು ಬೇಡ. ಬೆಳಿಗ್ಗೆ ಮಂಜು ಇರುತ್ತದೆ, ಅಪ್ಪ ಅಮ್ಮಂದಿರಿಗೆ ಸ್ವೆಟರು ಮರೆಯಬೇಡಿ. ಕ್ಯಾಸ್ಟ್ರೋ ಬಡಾವಣೆಯ ಹದಿನೆಂಟನೆಯ ಬೀದಿಯಲ್ಲಿ ಒಂದು ಪುಟ್ಟ ವಸ್ತುಸಂಗ್ರಹಾಲಯವಿದೆ. 1978ರ ಮೂಲ ಬಾವುಟದ ಉಳಿದ ತುಂಡು 2021ರಲ್ಲಿ ಅಲ್ಲಿಗೆ ಬಂದಿದೆ. ಬರ್ಕ್ಲಿಯಲ್ಲೇ ಇರುವವರು ದಕ್ಷಿಣ ಏಷ್ಯಾದವರ ಚರಿತ್ರೆ ಹೇಳುತ್ತಾ ಬೀದಿ ಬೀದಿ ತೋರಿಸುವ ಕಾಲ್ನಡಿಗೆ ಪ್ರವಾಸಕ್ಕೂ ಹೋಗಬಹುದು. 2012ರಲ್ಲಿ ಆರಂಭವಾದ ಅದರಲ್ಲಿ ಗದರ್ ಪಕ್ಷದ ಹುಡುಗರಿಂದ ಹಿಡಿದು ಈ ವಿಷಯದವರೆಗೆ ಎಲ್ಲವೂ ಬರುತ್ತದೆ.

ಆದರೆ ನೋಡುವುದಕ್ಕಿಂತ ದೊಡ್ಡ ಕೆಲಸ ಮನೆಯಲ್ಲೇ ಇದೆ. “ಮಗ ಯಾಕೋ ಮದುವೆಗೆ ಒಪ್ಪುತ್ತಿಲ್ಲ”, “ಮಗಳು ಯಾಕೋ ಯುಗಾದಿಗೂ ಬರುವುದಿಲ್ಲ” ಎಂಬ ಮಾತು ನಮ್ಮ ಸಭೆಗಳ ಊಟದ ಸಾಲಿನಲ್ಲಿ ಕೇಳುತ್ತಲೇ ಇರುತ್ತದೆ. ಎಲ್ಲ ‘ಯಾಕೋ’ಗಳಿಗೂ ಇದೇ ಉತ್ತರವಲ್ಲ. ಕೆಲವಕ್ಕೆ ಇರಬಹುದು. ನಮ್ಮ ನಾಟಕದಲ್ಲಿ ಬಾಲ್ಯದಲ್ಲಿ ಪಾತ್ರ ಮಾಡಿದ, ಕನ್ನಡ ಶಾಲೆಯಲ್ಲಿ ಅ ಆ ಕಲಿತ ಮಕ್ಕಳು ದೊಡ್ಡವರಾಗಿ ಮಾರ್ಕೆಟ್ ಸ್ಟ್ರೀಟಿನಲ್ಲಿ ಒಬ್ಬರೇ ನಿಂತಿರುವುದು, ನಾವು ಇಲ್ಲಿ ಹೋಳಿಗೆ ಬಡಿಸಿ ಅವರೆಲ್ಲಿ ಎಂದು ಕೇಳುವುದು, ಇದು ಯಾರಿಗೂ ಬೇಡದ ದೂರ.

ನಮ್ಮಂಥ ಸಂಘಗಳ ಸದಸ್ಯತ್ವದ ಅರ್ಜಿಯಲ್ಲಿ ಸಾಮಾನ್ಯವಾಗಿ ಎರಡು ಚೌಕಗಳು: ‘ಕುಟುಂಬ’, ‘ಒಬ್ಬರೇ’. ಕುಟುಂಬದ ಕೆಳಗೆ ‘ಪತಿ ಅಥವಾ ಪತ್ನಿಯ ಹೆಸರು’. ಇಪ್ಪತ್ತು ವರ್ಷ ಒಂದೇ ಒಲೆಯಲ್ಲಿ ಅನ್ನ ಮಾಡಿಕೊಂಡವರು ಕೂಡ ಯಾರ ಕಣ್ಣಿಗೂ ಬೀಳದಿರಲೆಂದು ‘ಒಬ್ಬರೇ’ ಎಂಬ ಚೌಕಕ್ಕೆ ಗುರುತು ಹಾಕಬೇಕಾಗಬಹುದು. 1979ರಲ್ಲಿ ಬರ್ಕ್ಲಿಯ ನೌಕರನಿಗೆ ಇದ್ದ ತೊಂದರೆಯೂ ಇದೇ. ಅವರು ಇಂಗ್ಲಿಷಿನಲ್ಲಿ ಹೊಸ ಪದ ಹುಡುಕಬೇಕಾಯಿತು. ನಮಗೆ ಆ ಶ್ರಮವಿಲ್ಲ. ‘ಸಂಗಾತಿ’ ಎಂಬ ಪದ ಕನ್ನಡದಲ್ಲಿ ಮೊದಲಿನಿಂದ ಇದೆ. ಅದಕ್ಕೆ ಗಂಡೆಂಬ ಹೆಣ್ಣೆಂಬ ಭೇದವಿಲ್ಲ, ಗಂಡನೂ ಆಗಬಹುದು, ಹೆಂಡತಿಯೂ ಆಗಬಹುದು, ಅವರೂ ಆಗಬಹುದು. ಮುಂದಿನ ವರ್ಷದ ಅರ್ಜಿಯನ್ನು ಜೆರಾಕ್ಸಿಗೆ ಕೊಡುವ ಮುನ್ನ ಕಾರ್ಯಕಾರಿ ಸಮಿತಿಯವರು ‘ಪತಿ ಅಥವಾ ಪತ್ನಿಯ ಹೆಸರು’ ಎಂಬಲ್ಲಿ ‘ಸಂಗಾತಿಯ ಹೆಸರು’ ಎಂದು ಬರೆಯಲಿ ಎಂದು ಈ ಲೇಖನದ ಮೂಲಕ ಕೋರುತ್ತೇನೆ. ಖರ್ಚು ಏನೂ ಇಲ್ಲ. ಯುಗಾದಿಯ ಊಟಕ್ಕೆ ಇನ್ನೆರಡು ಎಲೆ ಹೆಚ್ಚಿಗೆ ಹಾಕಬೇಕಾಗಬಹುದು, ಅಷ್ಟೇ.